ಟ್ರೇನಲ್ಲಿ ಬೇಡ

'ಟೈರು' ಎಂದು ಬರೆದು ಕೆಳಗೊಂದು ಗೆರೆ ಎಳೆದ ಮೇಲೆ ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಅದರ ಕೆಳಗೆ ಬ್ಯಾಟರಿ, ವೈಪರಿನ ರಬ್ಬರು, ಮಂಜಿಗೆ ಹಳದಿ ದೀಪ, ಎರಡು ಕಂಬಳಿ, ಟಾರ್ಚು, ಫ್ಲಾಸ್ಕು. ಸೋಮವಾರ ಅರ್ಧ ಹಾಳೆಯಿದ್ದ ಪಟ್ಟಿ ಗುರುವಾರ ಬೆಳಿಗ್ಗೆಯ ಹೊತ್ತಿಗೆ ಎರಡನೆಯ ಹಾಳೆಯ ಬೆನ್ನಿಗೆ ಬಂದಿತ್ತು. ತಂಗಿಯ ಊರಿಗೆ ಒಂಬೈನೂರ ಇಪ್ಪತ್ತು ಕಿಲೋಮೀಟರು. ಈ ಚಳಿಯಲ್ಲಿ ಹೆದ್ದಾರಿಯ ಮೇಲಿನ ಮಂಜು ಒಂಬತ್ತು ಗಂಟೆಯಾದರೂ ಕರಗುವುದಿಲ್ಲ, ಸಂಜೆ ಐದಕ್ಕೆಲ್ಲ ಮತ್ತೆ ಕವಿಯುತ್ತದೆ. ಹಾಗಾಗಿ ಎರಡು ದಿನ. ಎಚ್ಚರಿಕೆಯಿಂದ ಹೋದರೆ ಮೂರು. ಅವಳು 'ಮೂರು' ಎಂದು ಬರೆದಳು. ಎಚ್ಚರಿಕೆ ಎಂಬ ಪದ ಈ ನಾಲ್ಕು ದಿನಗಳಲ್ಲಿ ಅವಳಿಗೆ ಬಹಳ ಹಿಡಿಸಿಬಿಟ್ಟಿತ್ತು. ಅದನ್ನು ಹೇಳಿದರೆ ಯಾರೂ ತಿರುಗಿ ಮಾತಾಡುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಯ ಗಾಜು ಹಬೆಗೆ ಮುಚ್ಚಿಹೋಗಿ, ಎದುರಿನ ಕಟ್ಟಡದಲ್ಲಿ ಯಾರೋ ಹಾಕಿದ ದೀಪ ಬರಿಯ ಹಳದಿ ಕಲೆಯಾಗಿ ಕಾಣುತ್ತಿತ್ತು. ಅಲ್ಲಿ, ತಂಗಿಯ ಮನೆಯಲ್ಲಿ, ಅಮ್ಮ ಈಗ ಎದ್ದಿರಬಹುದು. ಎದ್ದು ಏನು ತಿಂದಿರಬಹುದು ಎಂಬಲ್ಲಿಗೆ ಯೋಚನೆ ಬರುತ್ತಲೇ ಅವಳು ಪೆನ್ನು ಎತ್ತಿಕೊಂಡು 'ಸ್ಟೆಪ್ನಿಗೆ ಗಾಳಿ' ಎಂದು ಬರೆದಳು.

"ಇನ್ನೂ ಮುಗೀಲಿಲ್ವಾ ನಿನ್ನ ದಂಡಯಾತ್ರೆಯ ತಯಾರಿ?" ಎಂದು ಗಂಡ ಶೂ ಲೇಸು ಕಟ್ಟುತ್ತ ಕೇಳಿದ. ಅವನು ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ಮನೆಯಲ್ಲೂ ಎಣಿಸಿ ಮಾತಾಡುತ್ತಿದ್ದ, ಒಂದು ಸಾಲಿಗೆ ಒಂದು ಕೆಲಸ. "ಇವತ್ತು ಸಂಜೆ ಏಳಕ್ಕೆ ಟ್ರೇನ್ ಹತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಇಳಿ. ಅಮ್ಮನ್ನ ನೋಡು. ಮುಗೀತು."

"ಮುಗೀತು ಅಂತ ನೀವು ಹೇಳಿಬಿಡ್ತೀರಿ."

"ಇನ್ನೇನು ಹೇಳ್ಲಿ? ಆ ಗಾಡಿ ಮಾರ್ಕೆಟ್ಟಿಗೆ ಹೋಗಿ ಬರೋಷ್ಟರಲ್ಲೇ ಎರಡು ಸಲ ಕೆಮ್ಮುತ್ತೆ. ನೀನು ಒಬ್ಬಳೇ, ಈ ಚಳೀಲಿ, ಮೂರು ದಿನ."

"ಟ್ರೇನಲ್ಲಿ ಬೇಡ ಅಂತ ಅಮ್ಮಾನೇ ಹೇಳಿದಾಳೆ," ಎಂದಳು. ನಾಲ್ಕು ದಿನದಲ್ಲಿ ಇದು ಎಷ್ಟನೆಯ ಸಲವೋ. ಅವನು ಲೇಸಿನ ಗಂಟು ಬಿಗಿದು ಎದ್ದುನಿಂತ. ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಅದರ ದಾರವನ್ನು ಕೊರಳಿಗೆ ಹಾಕಿದ. ಮೂವತ್ತೆರಡೂ ಹಲ್ಲು ನೆಟ್ಟಗಿರುವ ಬಾಯಿ ಅವನದು, ಒಂದು ಹುಳುಕಿಲ್ಲ. ಮದುವೆಯಾದ ಹೊಸತರಲ್ಲಿ, ನಿಮ್ಮಿಂದ ನನ್ನ ಹಲ್ಲು ಕಟ್ಟುವ ಕಸುಬಿಗೆ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ಅವಳು ರೇಗಿಸುತ್ತಿದ್ದಳು. ಅವನು ಹೊರಟುಹೋದ. ಅವಳು ಪಟ್ಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಭಾನುವಾರ ತಂಗಿ ಫೋನನ್ನು ಅಮ್ಮನ ಬಾಯಿಯ ಹತ್ತಿರ ಹಿಡಿದಿದ್ದಳು. ಹಲ್ಲಿಲ್ಲದ ಬಾಯಿಯ ಮಾತು ಗಾಳಿ ಸೋರುವ ಮಾತು. ತುಟಿಯಲ್ಲಿ ಹುಟ್ಟುವ ಅಕ್ಷರಗಳು ಹೇಗೋ ದಡ ಸೇರುತ್ತವೆ, ಉಳಿದವುಗಳಲ್ಲಿ ಹೆಚ್ಚಿನವು ನಡುದಾರಿಯಲ್ಲಿ ಕರಗುತ್ತವೆ. ಅಮ್ಮ ಏನೋ ಕೇಳಿದಳು. ಯಾವಾಗ ಬರ್ತೀಯ ಎಂದಿರಬೇಕು. "ಬರ್ತೀನಮ್ಮ, ಟ್ರೇನಲ್ಲಿ ಬರ್ಲಾ ಕಾರಲ್ಲಿ ಬರ್ಲಾ ಅಂತ ನೋಡ್ತಿದೀನಿ," ಎಂದಿದ್ದಳು ಇವಳು. ಆ ಕಡೆ ಉಸಿರು, ಹಾಸಿಗೆಯ ಕಿರುಗುಟ್ಟುವಿಕೆ. ಆಮೇಲೆ ಮೂರು ಮಾತು: ಟ್ರೇನಲ್ಲಿ ಬೇಡ, ಬಾ. ಅಷ್ಟೇ. ತಂಗಿ ಫೋನು ತೆಗೆದುಕೊಂಡು, "ಸುಸ್ತಾಯ್ತು ಅಕ್ಕ ಅವಳಿಗೆ, ಆಮೇಲೆ ಮಾಡ್ತೀನಿ," ಎಂದಳು. ಇವಳ ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿದಂತಾಗಿತ್ತು. ಆ ನಿರಾಳ ಎಷ್ಟು ಬೇಗ ಬಂತೆಂದು ನೆನೆದರೆ ಈಗಲೂ ನಾಚಿಕೆಯಾಗುತ್ತಿತ್ತು, ಆದರೆ ಬಂದದ್ದು ನಿಜ. ಅಮ್ಮನಿಗೆ ಟ್ರೇನೆಂದರೆ ಭಯ, ಪಾಪ, ಅದಕ್ಕೇ ಹಾಗಂದಳು, ಎಂದು ಕಾರಣವನ್ನೂ ತಾನೇ ಹುಡುಕಿಕೊಂಡಳು. ಅದಕ್ಕೆ ಆಧಾರ ಒಂದು ಹಳೆಯ ನೆನಪು: ಏಳು ವರ್ಷದ ಇವಳು ರೈಲಿನ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಕೂತಿದ್ದಾಳೆ, ತೊಡೆಯ ಮೇಲೆ ತಂಗಿ ಮಲಗಿದ್ದಾಳೆ, ಅಮ್ಮ ಪ್ಲಾಟ್‌ಫಾರಂ ಕೊಳಾಯಿಯ ಕೆಳಗೆ ಬಾಟಲಿ ಹಿಡಿದಿದ್ದಾಳೆ. ನೀರು ಸಣ್ಣಗೆ ಬೀಳುತ್ತಿದೆ. ಗಾಡಿ ಒಂದು ಸಲ ಜಗ್ಗಿತು. ಅಮ್ಮ ತಿರುಗಿ ನೋಡಿದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದ್ದು, ಕಿಟಕಿಯ ಚೌಕಟ್ಟಿನಿಂದ ಹಿಂದೆ ಹಿಂದೆ ಹೋಗಿ ಕಾಣದಾದದ್ದು. ಮುಂದಿನ ಸ್ಟೇಷನ್ನಿನವರೆಗೆ ಅವಳು ಅಳಲಿಲ್ಲ, ತಂಗಿ ಎದ್ದರೆ ಏನು ಹೇಳಬೇಕೆಂದು ಯೋಚಿಸುತ್ತಿದ್ದಳು. ಅಮ್ಮ ಹಿಂದಿನ ಡಬ್ಬಿಗೆ ಹತ್ತಿದ್ದವಳು ಅಲ್ಲಿಂದ ಇಳಿದು ಬಂದು, ಬಾಟಲಿ ಎತ್ತಿ ತೋರಿಸಿ, "ಒಂದು ಹನಿ ಚೆಲ್ಲಿಲ್ಲ ನೋಡು," ಎಂದು ನಕ್ಕಿದ್ದಳು. ಬಿಳಿಯ, ಒತ್ತೊತ್ತಾದ ಹಲ್ಲು. ಭಯಪಟ್ಟವಳ ನಗು ಅದಾಗಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅಮ್ಮನಿಗೆ ಟ್ರೇನೆಂದರೆ ಭಯ ಎಂದು ಗಂಡನಿಗೆ ಹೇಳಿದ್ದಳು.

ಅವಳು ಕೆಲಸ ಮಾಡುವ ಕೋಣೆ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿತ್ತು. ಉದ್ದನೆಯ ಮೇಜು, ನಾಲ್ಕು ದೀಪ, ನಾಲ್ಕು ಸಣ್ಣ ಮೋಟರು, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಧೂಳು. ಊರಿನ ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚುಗಳು ಬೆಳಿಗ್ಗೆ ಡಬ್ಬಗಳಲ್ಲಿ ಬರುತ್ತಿದ್ದವು: ಮೇಲಿನ ಒಸಡು, ಕೆಳಗಿನ ಒಸಡು, ಒಂದು ಚೀಟಿ. ಅವುಗಳ ಮೇಲೆ ಮೇಣ ಹಾಸಿ, ಹಲ್ಲು ಜೋಡಿಸಿ, ಆಮೇಲೆ ಮೇಣ ಕರಗಿಸಿ, ಅದರ ಜಾಗಕ್ಕೆ ಗುಲಾಬಿ ಬಣ್ಣದ ಪುಡಿಯನ್ನು ದ್ರವದಲ್ಲಿ ಕಲಸಿ ತುಂಬಿ ಬೇಯಿಸುವುದು. ಇಪ್ಪತ್ತಾರು ವರ್ಷದಿಂದ ಅವಳು ಹಲ್ಲು ಕಟ್ಟುತ್ತಿದ್ದಳು. ಜೊತೆಯವರು ಅವಳನ್ನು ಹಲ್ಲಕ್ಕ ಎನ್ನುತ್ತಿದ್ದರು. ಅವಳಿಗೆ ಬಾಯಿಗಳು ಗೊತ್ತಿದ್ದವು, ಮುಖಗಳು ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಜೀವವಿರುವ ಒಂದು ಒಸಡನ್ನೂ ಮುಟ್ಟಿದವಳಲ್ಲ, ಅದು ಡಾಕ್ಟರ ಕೆಲಸ. ಬಸ್ಸಿನಲ್ಲಿ ಯಾರಾದರೂ ಆಕಳಿಸಿದರೆ, ಮೇಲಿನ ದವಡೆ ನಮ್ಮಲ್ಲಿ ಕಟ್ಟಿದ್ದು ಎಂದು ಮನಸ್ಸಿನಲ್ಲೇ ಗುರುತು ಹಿಡಿದು ಆಚೆ ನೋಡುತ್ತಿದ್ದಳು. ಗೋಡೆಯ ಮೇಲೆ ಅವಳದೇ ಕೈಬರಹದ ಕಾಗದವೊಂದಿತ್ತು: 'ಆರು ತಿಂಗಳು ಮೀರಿದ ಅಚ್ಚಿನ ಮೇಲೆ ಕೆಲಸ ಮಾಡುವುದಿಲ್ಲ.' ಹಲ್ಲು ಹೋದ ಮೇಲೆ ಒಸಡು ಸುಮ್ಮನಿರುವುದಿಲ್ಲ, ವರ್ಷದಿಂದ ವರ್ಷಕ್ಕೆ ಸವೆದು ತಗ್ಗುತ್ತದೆ. ಹಳೆಯ ಅಚ್ಚಿನ ಮೇಲೆ ಕಟ್ಟಿದ ಹಲ್ಲು ಅಂದಿನ ಬಾಯಿಗೆ ಕೂರುತ್ತದೆಯೇ ಹೊರತು ಇಂದಿನದಕ್ಕಲ್ಲ. ಹೀಗೆಂದು ಒಬ್ಬ ಡಾಕ್ಟರಿಗೆ ಫೋನಿನಲ್ಲಿ ಎಗರಾಡಿ ಅವರ ಕೆಲಸವನ್ನು ವಾಪಸ್ಸು ಕಳಿಸಿದವಳು ಅವಳು. ಆಮೇಲೆ ಆ ಕಾಗದ ಅಂಟಿಸಿದ್ದಳು.

ಅಮ್ಮನ ಅಚ್ಚು ಒಂಬತ್ತು ವರ್ಷದ್ದು. ಅಮ್ಮ ಇವಳ ಜೊತೆ ಇದ್ದ ಆ ಒಂದು ವರ್ಷದಲ್ಲಿ ತೆಗೆಸಿದ್ದು. ಎಲ್ಲ ಅಚ್ಚುಗಳನ್ನೂ ಕೆಲಸ ಮುಗಿದ ಮೇಲೆ ಒಡೆದು ಎಸೆಯುತ್ತಾರೆ, ಇದೊಂದನ್ನು ಅವಳು ಕಪಾಟಿನ ಮೇಲಿನ ಹಲಗೆಯಲ್ಲಿ ಹತ್ತಿ ಸುತ್ತಿ ಇಟ್ಟಿದ್ದಳು. ಆಗ ಕಟ್ಟಿಕೊಟ್ಟಿದ್ದ ಹಲ್ಲಿನ ಸೆಟ್ಟು ಹಳತಾಗಿ ಬಿರುಕು ಬಿಟ್ಟಿದೆ ಎಂದು ತಂಗಿ ಹೇಳಿದಾಗ, ನಾಲ್ಕು ತಿಂಗಳ ಹಿಂದೆ, ಅವಳು ಹಲಗೆಯಿಂದ ಆ ಅಚ್ಚನ್ನು ಇಳಿಸಿಕೊಂಡಳು. ಹೊಸ ಅಚ್ಚು ಬೇಕಾದರೆ ತಾನು ಅಲ್ಲಿಗೆ ಹೋಗಬೇಕು, ಇಲ್ಲವೇ ಅಲ್ಲಿಯ ಡಾಕ್ಟರನ್ನು ಹಿಡಿದು ತೆಗೆಸಿ ತರಿಸಿಕೊಳ್ಳಬೇಕು. ರಜೆ, ಓಡಾಟ. ಅದಕ್ಕಿಂತ ಹೆಚ್ಚಾಗಿ, ಅಂಗೈ ಮೇಲೆ ಅಮ್ಮನ ಬಾಯಿ ಇತ್ತಲ್ಲ. ಹತ್ತಿ ಬಿಡಿಸಿದಾಗ ಅಂಗುಳದ ಒಂದೊಂದು ಗೆರೆಯೂ ಹಾಗೇ ಇತ್ತು. ಬೇರೆಯವರ ಬಾಯಿ ಬದಲಾಗುತ್ತದೆ, ಅಮ್ಮನದು ಬದಲಾಗುವುದಿಲ್ಲ ಎಂದು ಅವಳು ಯೋಚಿಸಿದಳೆ? ಯೋಚಿಸಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಗೋಡೆಯ ಕಾಗದಕ್ಕೆ ಬೆನ್ನು ಹಾಕಿ ಕೂತು ಮೂರು ದಿನ, ಇಪ್ಪತ್ತಾರು ವರ್ಷದಲ್ಲಿ ಯಾರಿಗೂ ಕಟ್ಟದಷ್ಟು ಚೆನ್ನಾಗಿ ಕಟ್ಟಿದಳು. ಮುಂದಿನ ಎರಡು ಹಲ್ಲನ್ನು ಕೂದಲೆಳೆಯಷ್ಟು ಒಂದರ ಮೇಲೊಂದು ಹತ್ತಿಸಿದಳು, ಅಮ್ಮನ ಹುಟ್ಟುಹಲ್ಲು ಹಾಗಿದ್ದವು. ಪಾರ್ಸೆಲ್ ತಲುಪಿದ ದಿನ ಅಮ್ಮ ಫೋನು ಮಾಡಿ, "ನನ್ನ ಹಲ್ಲೇ ತಿರುಗಿ ಬಂದ ಹಾಗಿದೆ ಕಣೇ, ಕೂತಿರೋದೇ ಗೊತ್ತಾಗಲ್ಲ," ಎಂದಿದ್ದಳು. ಆಗ ಮಾತು ಸ್ಪಷ್ಟವಾಗಿತ್ತು. ಒಂದು ಸಕಾರ ತಪ್ಪಿರಲಿಲ್ಲ. ಎಷ್ಟು ಕಷ್ಟಪಟ್ಟು ನಾಲಿಗೆಯಿಂದ ಸೆಟ್ಟನ್ನು ಒತ್ತಿಹಿಡಿದು ಅಷ್ಟು ಸ್ಪಷ್ಟವಾಗಿ ಮಾತಾಡಿರಬೇಕು ಎಂದು ಈಗ ಅವಳಿಗೆ ಗೊತ್ತಾಗುತ್ತಿತ್ತು. ಹಲ್ಲು ಕಚ್ಚಿ ಸಹಿಸಿಕೊಳ್ಳುವುದು ಎನ್ನುತ್ತಾರೆ. ಅಮ್ಮ ಆ ಹಲ್ಲನ್ನೇ ಸಹಿಸಿಕೊಂಡಿದ್ದಳು, ಮೂರೂವರೆ ತಿಂಗಳು. ಎರಡು ವಾರದ ಹಿಂದೆ ತಂಗಿ ದಿಂಬಿನ ಮೇಲೆ ರಕ್ತದ ಕಲೆ ನೋಡಿ ಬಾಯಿ ತೆರೆಸಿದಾಗ ಒಸಡಿನ ಉದ್ದಕ್ಕೂ ಹುಣ್ಣು, ಅಂಗುಳದ ಮೇಲೂ. ಊಟ ಯಾಕೆ ಕಡಿಮೆಯಾಗಿತ್ತು, ಯಾಕೆ ಎಲ್ಲರ ಊಟವಾದ ಮೇಲೆ ಒಬ್ಬಳೇ ಕೂರುತ್ತಿದ್ದಳು ಎಂಬುದೆಲ್ಲ ಆಗ ತಿಳಿಯಿತು. ಅಷ್ಟರಲ್ಲಿ ಮೈ ಇಳಿದುಹೋಗಿತ್ತು. ಆಮೇಲೆ ಜ್ವರ. ಈಗ ಚಮಚದಲ್ಲಿ ಹಾಲು, ಅದೂ ನಾಲ್ಕು ಚಮಚಕ್ಕೆ ಸಾಕೆಂದು ಕೈ ಅಡ್ಡ ಇಡುತ್ತಾಳೆ. ತಂಗಿ ಒಂದು ಮಾತೂ ಬೈಯಲಿಲ್ಲ. "ಸ್ವಲ್ಪ ಒತ್ತುತ್ತಿತ್ತಂತೆ ಅಕ್ಕ," ಎಂದಳು, ಅಷ್ಟೇ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು.

ಹಾಗಾಗಿ ಕಾರು. ಅಮ್ಮನ ಹಾಸಿಗೆಯ ಪಕ್ಕದಲ್ಲೇ ಕೂತು ಹೊಸ ಅಚ್ಚು ತೆಗೆದು, ಅಲ್ಲೇ ಕಟ್ಟಿ, ಅಲ್ಲೇ ತಿದ್ದಿ ಕೂರಿಸಿ ಬರುವುದು ಅವಳ ಯೋಜನೆ. ಅದಕ್ಕೆ ಮೋಟರು ಬೇಕು, ಮೇಣ ಬೇಕು, ಸ್ಪಿರಿಟ್ ದೀಪ ಬೇಕು, ಹತ್ತು ಕಿಲೋ ಪ್ಲಾಸ್ಟರು ಬೇಕು. ಮೂಗಿಗೆ ಘಾಟು ಹೊಡೆಯುವ ಆ ದ್ರವವನ್ನು, ಕಿಡಿ ತಾಗಿದರೆ ಭಗ್ಗೆಂದು ಹತ್ತಿಕೊಳ್ಳುವಂಥದ್ದನ್ನು, ಟ್ರೇನಿನಲ್ಲಿ ಒಯ್ಯಲು ಬಿಡುವುದಿಲ್ಲ. ಈ ಕಾರಣದಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ಅದು ಇಷ್ಟು ಅನುಕೂಲವಾಗಿತ್ತು. ಹುಣ್ಣಾದ ಒಸಡಿನ ಮೇಲೆ ಅಚ್ಚು ತೆಗೆಯುವ ಹಾಗಿಲ್ಲ, ಮಾಯಲು ತಿಂಗಳಾದರೂ ಬೇಕು ಎಂಬುದು ಹಲ್ಲಕ್ಕನಿಗೆ ಗೊತ್ತಿರದ ವಿಷಯವಲ್ಲ. ಆದರೆ ಬರಿಗೈಯಲ್ಲಿ ಹೋಗಿ ಆ ಬಾಯಿಯ ಮುಂದೆ ಹೇಗೆ ನಿಲ್ಲುವುದು? ಕೈಯಲ್ಲಿ ಕೆಲಸವಿದ್ದರೆ ತಲೆ ತಗ್ಗಿಸಿ ಇರಬಹುದು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ಕಾರನ್ನು ಮೆಕ್ಯಾನಿಕ್ಕಿನ ಹತ್ತಿರ ಒಯ್ದಳು. ಶೆಡ್ಡಿನ ಮುಂದೆ ಅವನು ಡಬ್ಬದಲ್ಲಿ ಬೆಂಕಿ ಹಾಕಿಕೊಂಡು ಕೈ ಕಾಯಿಸುತ್ತಿದ್ದ. ಮೇಲಿನ ಸಾಲಿನಲ್ಲಿ ಎಡಗಡೆ ಒಂದು ಹಲ್ಲಿರಲಿಲ್ಲ, ನಗುವಾಗ ನಾಲಿಗೆಯನ್ನು ಆ ಸಂದಿಗೆ ಅಡ್ಡ ಇಡುತ್ತಿದ್ದ. ಬಾನೆಟ್ ಎತ್ತಿ, ಬಗ್ಗಿ, ಒಂದೆರಡು ಪೈಪು ಹಿಸುಕಿ ನೋಡಿದ.

"ಗಾಡಿ ಹೋಗುತ್ತೆ ಅಕ್ಕ. ಹೋಗಲ್ಲ ಅಂತ ನಾನು ಹೇಳಲ್ಲ. ಆದ್ರೆ ಯಾಕೆ?"

"ಯಾಕೆ ಅಂದ್ರೆ?"

"ಅಲ್ಲ, ಮೇಷ್ಟ್ರು ಹೇಳಿದ್ರು ಒಬ್ಬರೇ ಹೋಗ್ತೀರಂತೆ. ದಾರಿ ತುಂಬ ಮಂಜು. ಲಾರಿಯವರೇ ಗಾಡಿ ಪಕ್ಕಕ್ಕೆ ಹಾಕಿ ಮಲಗ್ತಾರೆ. ಟ್ರೇನಿದೆಯಲ್ಲ?"

"ಸಾಮಾನು ಬಹಳ ಇದೆ."

"ಏನು ಸಾಮಾನು?"

ಹೇಳಬಾರದಿತ್ತು. "ಅಮ್ಮನಿಗೆ ಹಲ್ಲು ಕಟ್ಟೋದು," ಎಂದುಬಿಟ್ಟಳು.

"ಒಂದು ಸೆಟ್ ಹಲ್ಲಿಗೆ ಒಂದು ಗಾಡೀನಾ?" ಅವನು ನಕ್ಕ. ಕೆಟ್ಟ ನಗುವಲ್ಲ. ಬೆಂಕಿಯ ಸುತ್ತ ಕೂತಿದ್ದ ಇನ್ನಿಬ್ಬರೂ ನಕ್ಕರು. ಅವಳೂ ಹಲ್ಲು ಕಿರಿದಳು. ಕಿವಿ ಬಿಸಿಯಾಗಿತ್ತು. ಇಷ್ಟು ದಿನ ಹಾಳೆಯ ಮೇಲೆ ಗಂಭೀರವಾಗಿ ಕಾಣುತ್ತಿದ್ದುದು ಒಬ್ಬ ಮೆಕ್ಯಾನಿಕ್ಕಿನ ಬಾಯಲ್ಲಿ ಹೀಗೆ ಬೆತ್ತಲಾಗಿ ನಿಂತಿತ್ತು. ಅವನು ನಗು ಮುಗಿಸಿ, ರೇಡಿಯೇಟರಿನ ಪೈಪು ಮೆತ್ತಗಾಗಿದೆ, ಬದಲಾಯಿಸದೆ ದೂರ ಹೋಗಬೇಡಿ, ಪೈಪು ಬರಬೇಕು, ಶನಿವಾರ ಸಂಜೆಯಾಗುತ್ತದೆ ಎಂದ. "ನಿಮಗೆ ಶನಿವಾರ ಬೆಳಿಗ್ಗೆಯೇ ಬೇಕಿತ್ತಲ್ವಾ? ತೊಂದ್ರೆ ಆಗುತ್ತೇನೋ."

"ಇಲ್ಲ ಇಲ್ಲ, ಪರವಾಗಿಲ್ಲ. ನಿಧಾನಕ್ಕೆ ಮಾಡಿ. ಭಾನುವಾರ ಆದ್ರೂ ನಡೆಯುತ್ತೆ," ಎಂದು ಅವಳು ಹೇಳಿದಳು. ಹೇಳಿದ ದನಿ ಅವಳ ಕಿವಿಗೇ ಬಿತ್ತು. ರಜೆ ಸಿಕ್ಕ ಮಕ್ಕಳ ದನಿ. ಮೆಕ್ಯಾನಿಕ್ಕು ಒಂದು ಕ್ಷಣ ಅವಳ ಮುಖ ನೋಡಿ, ಆಮೇಲೆ ಬಾನೆಟ್ ಮುಚ್ಚಿದ.

ಗಾಡಿ ಅಲ್ಲೇ ಬಿಟ್ಟು ನಡೆದುಕೊಂಡು ವಾಪಸ್ಸು ಬರುವಾಗ ರಸ್ತೆಯ ಎರಡೂ ಬದಿಯ ಮರಗಳಲ್ಲಿ ಎಲೆಯಿರಲಿಲ್ಲ. ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡ ಮಕ್ಕಳು ಬಾಯಿಂದ ಹೊಗೆ ಬಿಡುವ ಆಟವಾಡುತ್ತಿದ್ದರು. ಅಮ್ಮನೂ ಹಾಗೆ ಆಡುತ್ತಿದ್ದಳು, ಚಳಿಗಾಲದ ಬೆಳಿಗ್ಗೆ ಶಾಲೆಗೆ ಬಿಡಲು ಬರುವಾಗ, ಎರಡು ಬೆರಳನ್ನು ತುಟಿಗಿಟ್ಟು ಸಿಗರೇಟು ಸೇದುವವಳ ಹಾಗೆ. ದೊಡ್ಡವಳಾದ ಮೇಲೆ ಇವಳಿಗೆ ಅದು ನಾಚಿಕೆಯೆನಿಸಿ, ಗೆಳತಿಯರು ನೋಡ್ತಾರೆ, ನೀನು ಬರಬೇಡ ಎಂದಿದ್ದಳು. ಮರುದಿನದಿಂದ ಅಮ್ಮ ಬರಲಿಲ್ಲ. ಬಾಗಿಲಲ್ಲೇ ನಿಂತಳು. ಬೇಡವೆಂದರೆ ಬೇಡ, ಅಮ್ಮ ಯಾವತ್ತೂ ಎರಡನೆಯ ಸಲ ಕೇಳಿದವಳಲ್ಲ. ಒಂಬತ್ತು ವರ್ಷದ ಹಿಂದೆ, ಮನೆ ಸಣ್ಣದು, ತಂಗಿಯ ಮನೆಯಲ್ಲಾದರೆ ನಿನಗೆ ಪ್ರತ್ಯೇಕ ಕೋಣೆ ಇದೆ ಎಂದು ಇವಳು ಸುತ್ತಿ ಬಳಸಿ ಹೇಳಿದಾಗಲೂ, "ಹೂಂ, ಅದೇ ಸರಿ," ಎಂದು ಆ ಸಂಜೆಯೇ ಬಟ್ಟೆ ಮಡಚತೊಡಗಿದ್ದಳು. ಒಸಡು ಒತ್ತಿದ್ದನ್ನು ಹೇಳದವಳು ಆ ನೋವನ್ನೂ ಹೇಳಿರಲಿಲ್ಲ.

ನಾಲ್ಕು ಗಂಟೆಗೆ ತಂಗಿಯ ಫೋನು ಬಂತು. ಅವಳು ಮೋಟರು ನಿಲ್ಲಿಸಿ, ಕಿಟಕಿಯ ಹತ್ತಿರ ಹೋದಳು.

"ಅಕ್ಕ, ಹೊರಟಿದೀಯಾ?"

"ಗಾಡೀದು ಸ್ವಲ್ಪ ಕೆಲಸ ಇತ್ತು. ಭಾನುವಾರ ಬೆಳಿಗ್ಗೆ..."

"ಭಾನುವಾರ ತಲುಪೋದಾ, ಹೊರಡೋದಾ?"

"ಹೊರಡೋದು. ಮಂಗಳವಾರ ಸಂಜೆ ಹೊತ್ತಿಗೆ ಅಲ್ಲಿರ್ತೀನಿ."

ಆ ಕಡೆಯಿಂದ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು ಬಂತು. "ಸೋಮವಾರದ ತನಕ ಕೇಳ್ತಾನೇ ಇದ್ದಳು ಅಕ್ಕ," ಎಂದಳು ತಂಗಿ. "ಬೇಗ ಬಾ ಅಂದಿದ್ನಲ್ಲ, ಯಾಕೆ ಬರಲಿಲ್ಲ ಅಂತ. ಬಾಗಿಲ ಕಡೆಗೇ ತಿರುಗಿ ಮಲಗ್ತಿದ್ದಳು. ಮಂಗಳವಾರದಿಂದ ಕೇಳ್ತಿಲ್ಲ. ನನ್ನನ್ನೂ ಒಂದೊಂದು ಸಲ ಯಾರು ಅಂತಾಳೆ."

"ಬೇಗ ಅಂದಳಾ?" ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ನನಗೆ ಟ್ರೇನಲ್ಲಿ ಬೇಡ ಅಂದಳಲ್ಲ. ಭಾನುವಾರ. ನೀನೇ ಫೋನ್ ಹಿಡಿದಿದ್ದೆ."

"ಟ್ರೇನಲ್ಲಿ ಬೇಗ ಬಾ ಅಂದಳು ಅಕ್ಕ. ನಾನು ಪಕ್ಕದಲ್ಲೇ ಇದ್ದೆನಲ್ಲ. ನಿನಗೆ ಅರ್ಥ ಆಯ್ತು ಅಂದ್ಕೊಂಡೆ. ನಮಗೆಲ್ಲ ಗೊತ್ತಾಗದಿದ್ರೂ ನಿನಗೆ ಗೊತ್ತಾಗುತ್ತಲ್ಲ, ಹಲ್ಲಿಲ್ಲದವರ ಮಾತು."

ಕಿಟಕಿಯ ಕೆಳಗೆ ಒಬ್ಬ ಗೋಣಿಚೀಲ ಹೊತ್ತು ರಸ್ತೆ ದಾಟುತ್ತಿದ್ದ. ಅವನು ದಾಟಿ ಆಚೆ ಸೇರುವವರೆಗೂ ಅವಳು ನೋಡುತ್ತ ನಿಂತಳು. ಹೌದು, ಗೊತ್ತಾಗಬೇಕಿತ್ತು. ಹೊಸ ಸೆಟ್ಟು ಕೂರಿಸಿದಾಗ ಯಾವ ಯಾವ ಅಕ್ಷರ ಹೇಳಿಸಿ ನೋಡಬೇಕೆಂದು ಡಾಕ್ಟರುಗಳಿಗೆ ಬರೆದು ಕೊಡುತ್ತಿದ್ದವಳೇ ಅವಳು. 'ಡ' ಬರಬೇಕಾದರೆ ನಾಲಿಗೆಯ ತುದಿ ಮೇಲೆದ್ದು ಅಂಗುಳವನ್ನು ಮುಟ್ಟಬೇಕು. 'ಗ' ಗಂಟಲ ಹತ್ತಿರವೇ ಹುಟ್ಟುತ್ತದೆ, ಅದಕ್ಕೆ ಹಲ್ಲಿನ ಹಂಗಿಲ್ಲ, ಅಂಗುಳದ ಮುಂಭಾಗದ ಹಂಗಿಲ್ಲ. ಹುಣ್ಣಾದ ಅಂಗುಳಕ್ಕೆ ನಾಲಿಗೆ ತಾಗಿಸಿದರೆ ಪ್ರಾಣ ಹೋಗುತ್ತದೆ. ಅಮ್ಮ ಆ ಬಾಯಲ್ಲಿ 'ಬೇಡ' ಎಂದಿದ್ದರೆ ಆ 'ಡ' ಕೂಡ 'ಟ್ರೇನಿ'ನ 'ಟ'ದ ಹಾಗೆ ಬರಿಯ ಉಸಿರಾಗಿ ಕರಗುತ್ತಿತ್ತು, ಅಷ್ಟು ಗಟ್ಟಿಯಾಗಿ ಕೇಳುತ್ತಿರಲಿಲ್ಲ. ಹಿಂದಿನಿಂದ, ಗಂಟಲಿನಿಂದ ಬಂದ ಆ ಅಕ್ಷರವನ್ನು ದಾರಿಯಲ್ಲಿ ಹೋಗುವ ಯಾರಾದರೂ ತಪ್ಪಾಗಿ ಕೇಳಬಹುದಿತ್ತು, ಅವಳು ಕೇಳಬಾರದಿತ್ತು. ಆದರೆ ಅವಳಿಗೆ 'ಬೇಡ' ಬೇಕಾಗಿತ್ತು. ಬೇಕಾದದ್ದನ್ನು ಕಿವಿ ಕೇಳಿಸಿಕೊಂಡಿತು. ನಾಲ್ಕು ದಿನ. ಅಮ್ಮನಿಗೆ ತನ್ನ ಗುರುತು ಇನ್ನೂ ಸಿಗಬಹುದಾಗಿದ್ದ ದಿನಗಳನ್ನು ಅವಳು ಟೈರು, ಬ್ಯಾಟರಿ, ವೈಪರಿನ ರಬ್ಬರು ಎಂದು ಬರೆದು ಕಳೆದಿದ್ದಳು. ಹಿಂದೆ ಯಾರೋ, "ಹಲ್ಲಕ್ಕ, ಮೇಣ ಕುದೀತಿದೆ," ಎಂದರು.

ಅವಳು ಮನೆಗೆ ಹೋಗಲಿಲ್ಲ. ಏಪ್ರನ್ ಬಿಚ್ಚಿ, ಕೈಯ ಪ್ಲಾಸ್ಟರು ತೊಳೆದು, ಪರ್ಸು ತೆಗೆದುಕೊಂಡು, ದಾರಿಯಲ್ಲೇ ಗಂಡನಿಗೆ ಫೋನು ಮಾಡಿ, ನೇರ ಸ್ಟೇಷನ್ನಿಗೆ ಹೋದಳು. ಗಂಡ ಅವಳ ಶಾಲು, ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ ಹಿಡಿದು ಏಳಕ್ಕೆ ಐದು ನಿಮಿಷವಿರುವಾಗ ಓಡುತ್ತ ಬಂದ. ಡ್ರಿಲ್ ಮೇಷ್ಟ್ರಿಗೆ ಏದುಸಿರು ಬರುತ್ತಿತ್ತು. ನಾನು ಹೇಳಿರಲಿಲ್ವಾ ಎಂದು ಅವನು ಹೇಳಲಿಲ್ಲ. ಬಾಗಿಲಿಂದ ಶಾಲು, ಚೀಲ ಒಳಗೆ ತಳ್ಳಿ, "ಕಿವಿ ಮುಚ್ಕೋ," ಎಂದ. ಡಬ್ಬಿಯಲ್ಲಿ ಕೂರಲು ಜಾಗವಿರಲಿಲ್ಲ, ಬಾಗಿಲ ಹತ್ತಿರವೇ ನಿಂತಳು. ಗಾಡಿ ಹೊರಟಿತು. ಇಷ್ಟು ಸುಲಭವಾಗಿತ್ತು.

ಬೆಳಿಗ್ಗೆ ತಂಗಿ ಬಾಗಿಲು ತೆಗೆದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು, ಸ್ವೆಟರಿನ ತೋಳಿನ ಮೇಲೆ ಹಾಲಿನ ಕಲೆ ಒಣಗಿತ್ತು. ಅಕ್ಕನ ಕೈ ಹಿಡಿದು, "ಗುರುತು ಹಿಡೀದೇ ಇದ್ರೆ ಬೇಜಾರು ಮಾಡ್ಕೋಬೇಡ," ಎಂದಳು. "ಮೊನ್ನೆಯಿಂದ ಯಾರು ಬಂದ್ರೂ ಹಲ್ಲಿನ ಡಾಕ್ಟ್ರು ಅಂದ್ಕೋತಾಳೆ. ಆ ಡಾಕ್ಟರಮ್ಮ ಎರಡು ಸಲ ಬಂದು ಔಷಧಿ ಹಚ್ಚಿ ಹೋದ್ರು, ಅದಕ್ಕೆ." ಹಾಲು ಬಿಸಿ ಮಾಡಿ ತರುತ್ತೇನೆಂದು ಅವಳು ಒಳಗೆ ಹೋದಳು. ಅಮ್ಮನ ಕೋಣೆ ಚಿಕ್ಕದಾಗಿ, ಬೆಚ್ಚಗಿತ್ತು. ಹಾಸಿಗೆಯ ಮೇಲೆ ಎರಡು ಹೊದಿಕೆಗಳ ಕೆಳಗೆ ಇದ್ದವಳು ಇಷ್ಟೇನಾ ಎನಿಸುವಷ್ಟು ಕಡಿಮೆ ಇದ್ದಳು. ಕೆನ್ನೆಗಳು ಒಳಗೆ ಹೋಗಿ, ಗಲ್ಲ ಮೂಗಿನ ಹತ್ತಿರ ಬಂದಿತ್ತು. ಹಲ್ಲಿಲ್ಲದಿದ್ದರೆ ಮುಖ ಎಷ್ಟು ಕುಗ್ಗುತ್ತದೆ ಎಂದು ಅವಳಿಗೆ ಅಳತೆಯ ಲೆಕ್ಕದಲ್ಲಿ ಗೊತ್ತಿತ್ತು, ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. ಅಮ್ಮ ಕಣ್ಣು ಬಿಟ್ಟು ಅವಳನ್ನು ನೋಡಿದಳು. ಶಾಲು ನೋಡಿದಳು, ಚೀಲ ನೋಡಿದಳು. ಆಮೇಲೆ, ಚಿಕ್ಕ ಮಕ್ಕಳು ಹೇಳಿದ ಮಾತು ಕೇಳುವಂತೆ, ತಲೆ ಹಿಂದಕ್ಕೆ ವಾಲಿಸಿ ಬಾಯಿ ಅಗಲವಾಗಿ ತೆರೆದಳು.

ಅವಳು ನೋಡಿದಳು. ಒಸಡು ಸವೆದು ಹೆಚ್ಚುಕಡಿಮೆ ಚಪ್ಪಟೆಯಾಗಿತ್ತು. ಅವಳು ಕಟ್ಟಿದ ಸೆಟ್ಟಿನ ಅಂಚು ಎಲ್ಲೆಲ್ಲಿ ಕೂತಿತ್ತೋ ಅಲ್ಲೆಲ್ಲ ಗೆರೆ ಎಳೆದಂತೆ ಹುಣ್ಣು, ಕೆಲವು ಬಿಳಿ, ಕೆಲವು ಇನ್ನೂ ಕೆಂಪು. ಅವಳ ಕೈ ತಾನಾಗಿ ಮೇಲೆದ್ದಿತು. ಹುಣ್ಣಿಲ್ಲದ ಒಂದು ಕಡೆ, ಹಿಂದೆ, ಬೆರಳ ತುದಿಯನ್ನು ಮೆಲ್ಲಗೆ ಇಟ್ಟಳು. ಮೆತ್ತಗಿತ್ತು, ಬಿಸಿಯಾಗಿತ್ತು, ಒಳಗೆಲ್ಲೋ ನಾಡಿ ಹೊಡೆದುಕೊಳ್ಳುತ್ತಿತ್ತು. ಕಣ್ಣೀರು ಹೊದಿಕೆಯ ಮೇಲೆ ಬಿತ್ತು. ಅವಳು ಬೆರಳು ತೆಗೆದ ಮೇಲೆ ಅಮ್ಮ ಬಾಯಿ ಮುಚ್ಚಿ, ಬಾಗಿಲ ಕಡೆ ಒಮ್ಮೆ ನೋಡಿ, ತಂಗಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹತ್ತಿರ ಬಾ ಎಂದು ಕೈಯಾಡಿಸಿದಳು. ಅವಳು ಕಿವಿಯನ್ನು ಆ ಬಾಯಿಗೆ ತಾಗುವಷ್ಟು ಹತ್ತಿರ ಒಯ್ದಳು. ಅಮ್ಮ ಒಂದೊಂದೇ ಪದ ಆರಿಸಿ, ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಅಕ್ಷರ ಕರಗಿದರೂ ಈ ಸಲ ಅವಳ ಕಿವಿಗೆ ಒಂದೂ ತಪ್ಪಿ ಹೋಗಲಿಲ್ಲ.

"ಡಾಕ್ಟ್ರೇ, ಹಲ್ಲು ಕೂರಲಿಲ್ಲ ಅಂತ ನನ್ನ ದೊಡ್ಡ ಮಗಳಿಗೆ ಹೇಳ್ಬೇಡಿ. ಅವಳೇ ಕಟ್ಟಿದ್ದು."

"ಇಲ್ಲಮ್ಮ," ಎಂದಳು. ಆಮೇಲೆ ತಾನೀಗ ಡಾಕ್ಟರೆಂದು ನೆನಪಾಗಿ, ಕೆನ್ನೆ ಒರೆಸಿಕೊಂಡು, "ಹೇಳಲ್ಲ. ನೀವು ಮಲಗಿ," ಎಂದಳು.